ದಣಿವಿನಲ್ಲಿ ನಿಷ್ಠೆ

ದೇಹವುಳ್ಳವರಿಗೆ ದಣಿವು ಸಹಜ. ಆದರೆ ದಣಿವು ಬೇರೆ, ಎದೆಗುಂದುವುದು ಬೇರೆ. ಮೊದಲನೆಯದು ದೇಹಧರ್ಮ, ವಿಶ್ರಾಂತಿಯಿಂದ ಪರಿಹಾರವಾಗುವುದು. ಎರಡನೆಯದು ಮನಸ್ಸಿನ ವ್ಯಾಧಿ. ಮಲಗಿ ಎದ್ದರೂ ಹಾಸಿಗೆಯ ಬಳಿಯಲ್ಲಿಯೇ ಕಾದು ಕುಳಿತಿರುವುದು. 'ಇಷ್ಟು ದಿನ ಮಾಡಿದ್ದಾಯಿತು, ಫಲವೆಲ್ಲಿ?' ಎಂಬುದೇ ಅದರ ನುಡಿ. ಸಾಲದ ಹೊರೆ ಹೊತ್ತ ಗೃಹಸ್ಥನಾಗಲಿ, ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಉಪಚರಿಸುವ ಸೊಸೆಯಾಗಲಿ ಈ ನುಡಿಯನ್ನು ಕೇಳದವರಲ್ಲ. ಇದಕ್ಕೆ ಶರಣಮಾರ್ಗವು ತೋರುವ ಚಿಕಿತ್ಸೆ ಯಾವುದೆಂಬುದು ವಿಚಾರಾರ್ಹವಾಗಿದೆ.

ಷಟ್‌ಸ್ಥಲಗಳಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯೂ ಮಾಹೇಶ್ವರಸ್ಥಲಕ್ಕೆ ನಿಷ್ಠೆಯೂ ಲಕ್ಷಣಗಳು. ಈ ಕ್ರಮದಲ್ಲಿ ಒಂದು ಮರ್ಮವಿದೆ. ಕಾರ್ಯವನ್ನು ಆರಂಭಿಸುವುದಕ್ಕೆ ಶ್ರದ್ಧೆ ಸಾಕು. ಆಗ ಉತ್ಸಾಹವೂ ಜೊತೆಗಿರುತ್ತದೆ. ಉತ್ಸಾಹವು ಬತ್ತಿದ ಮೇಲೆ ನಡೆಸುವುದು ನಿಷ್ಠೆಯೊಂದೇ. ಆದುದರಿಂದ ದಣಿವು ಬಂದಿತೆಂದರೆ ಭಕ್ತಿ ಕೆಟ್ಟಿತೆಂದು ತಿಳಿಯತಕ್ಕದ್ದಲ್ಲ. ಎರಡನೆಯ ಮೆಟ್ಟಿಲಿನ ಬಳಿಗೆ ಬಂದುದಾಯಿತೆಂದು ತಿಳಿಯತಕ್ಕದ್ದು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವು ಸರ್ವವಿದಿತ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರು ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನು ಅವನಿಗೆ ಕಾಯಕವನ್ನು ನೆನಪಿಸಿದಳು. ಅವನು ತ್ವರೆಯಿಂದ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಅವಳು ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಸೋಮಾರಿತನವನ್ನು ತಿದ್ದಿದವಳೇ ಅತಿಯಾಸೆಯನ್ನೂ ತಿದ್ದಿದಳೆಂಬುದು ಗಮನಾರ್ಹ. ನಮ್ಮನ್ನು ದಣಿಸುವುದು ಅನೇಕ ವೇಳೆ ಇಂದಿನ ಕಾಯಕವಲ್ಲ. ನಾಳೆಯ ಚಿಂತೆ, ನೆರೆಯವನ ಏಳಿಗೆ, ಲೋಕದ ಮೆಚ್ಚುಗೆ ಎಂಬ ಹೆಚ್ಚಿನ ಅಕ್ಕಿಯ ಗಂಟು. ಅದನ್ನು ಇಳಿಸಿದರೆ ಉಳಿದುದನ್ನು ಹೊರುವ ಶಕ್ತಿ ಬಹುಮಟ್ಟಿಗೆ ನಮ್ಮಲ್ಲಿಯೇ ಇರುತ್ತದೆ.

ಹೊಸಕೋಟೆಯ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರು ಈ ಪಾಠವನ್ನು ಕಣ್ಣಾರೆ ಕಂಡಿರುತ್ತಾರೆ. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ. ಆಗ ಅದು ಸೊಪ್ಪು ಮುಟ್ಟದೆ, ತಲೆಯೆತ್ತಿ ನಿಶ್ಚಲವಾಗಿರುತ್ತದೆ. ಅರಿಯದವನು ಹುಳು ಕೆಟ್ಟಿತೆನ್ನುವನು. ಅನುಭವಿಯು ಸೊಪ್ಪನ್ನು ನಿಲ್ಲಿಸಿ ಸುಮ್ಮನಿರುವನು. ಆ ನಿಲುಗಡೆಯಲ್ಲಿಯೇ ಹುಳು ಹಳೆಯ ಪೊರೆಯನ್ನು ಕಳಚಿ ಬೆಳೆಯುತ್ತದೆ. ನಾಲ್ಕನೆಯ ಜ್ವರ ಕಳೆದ ಮೇಲಿನ ಸುಮಾರು ಒಂದು ವಾರದಲ್ಲಿ ಅದು ತನ್ನ ಜೀವಿತದ ಆಹಾರದಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿ ತಿನ್ನುತ್ತದೆ. ಮನೆಮಂದಿಯೆಲ್ಲ ನಿದ್ದೆಗೆಟ್ಟು ಬಳಲಿರುವಾಗಲೇ ಕೆಲಸದ ಬಹುಭಾಗವು ಎದುರಿಗೆ ನಿಲ್ಲುತ್ತದೆ. ಆಗ ಸೊಪ್ಪು ಹಾಕುವುದನ್ನು ಬಿಟ್ಟವನಿಗೆ ಹಿಂದಿನ ಶ್ರಮವೂ ದಕ್ಕದು. ತಾಳಿದವನ ಚಂದ್ರಿಕೆಯಲ್ಲಿ ಗೂಡು ಕಟ್ಟುವುದು. ನಿಲ್ಲಬೇಕಾದಲ್ಲಿ ನಿಲ್ಲುವುದು, ನಿಲ್ಲಬಾರದಲ್ಲಿ ನಿಲ್ಲದಿರುವುದು, ಈ ಎರಡನ್ನೂ ಅರಿತವನೇ ಧೀರ.

ಇದಕ್ಕೆ ಸಮೀಪಕಾಲದ ನಿದರ್ಶನವೆಂದರೆ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಇಂದಿನ ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗಳಲ್ಲಿ ಚದುರಿಹೋಗಿದ್ದ ತಾಡೋಲೆಗಳನ್ನು ಅರಸಿ ವಚನಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. ಮುದ್ರಣಾಲಯವನ್ನು ಸ್ಥಾಪಿಸುವುದಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ಬಡತನದಲ್ಲಿಯೂ ದಶಕಗಳ ಕಾಲ ನಡೆಸಿದರು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ನೀಡಿದಾಗ ಅವರ ವಯಸ್ಸು 76. ಆ ಗೌರವಕ್ಕಾಗಿ ಕಾದು ಕುಳಿತಿದ್ದರೆ ಮೂವತ್ತು ವರ್ಷಗಳ ಶ್ರಮವು ಸಾಗುತ್ತಿರಲಿಲ್ಲ. 1964ರಲ್ಲಿ ಅವರು ಲಿಂಗೈಕ್ಯರಾದರು. ಇಂದು ಮನೆಯಲ್ಲಿ ಕುಳಿತು ವಚನಗಳನ್ನು ಓದುವವರೆಲ್ಲ ಆ ತಾಳ್ಮೆಯ ಋಣಿಗಳು.

ಆದುದರಿಂದ ದಣಿದ ಸದ್ಭಕ್ತರು ಮೂರನ್ನು ನೆನೆಯಬೇಕು. ದೇಹವು ಬೇಡಿದ ವಿಶ್ರಾಂತಿಯನ್ನು ನಾಚಿಕೆಯಿಲ್ಲದೆ ಕೊಡಬೇಕು. ಹೆಚ್ಚಿನ ಹೊರೆ ಯಾವುದೆಂದು ವಿಚಾರಿಸಿ ಇಳಿಸಬೇಕು. ಉಳಿದುದರಲ್ಲಿ ಇಂದಿನ ಪಾಲು ಎಷ್ಟೇ ಕಿರಿದಾದರೂ ಅದನ್ನು ಲಿಂಗಾರ್ಪಿತವೆಂದು ಮಾಡಬೇಕು. ಒಬ್ಬರಿಂದ ಸಾಗದಿದ್ದರೆ ಮಾರಯ್ಯನಿಗೆ ಲಕ್ಕಮ್ಮನಿದ್ದಂತೆ ಜೊತೆಗಿರುವವರ ನುಡಿಗೆ ಕಿವಿಗೊಡಬೇಕು. ಧೈರ್ಯವೆಂಬುದು ದಣಿವಿಲ್ಲದವರ ಸೊತ್ತಲ್ಲ. ದಣಿದೂ ಬೆಳಗಾದೊಡನೆ ಎದ್ದು ಅಂಗಳಕ್ಕೆ ಇಳಿಯುವವರ ಸೊತ್ತು.