ಸಕ್ಕರೆ ಕಾರ್ಖಾನೆಯ ಬಳಸಿದ ನೀರು: ಅದರ ಶುದ್ಧೀಕರಣವೂ ಪುನರುಪಯೋಗವೂ

ಮಳೆ ಕಡಿಮೆಯಾದ ವರ್ಷಗಳಲ್ಲಿ ಸಕ್ಕರೆ ಕಾರ್ಖಾನೆಗಳ ಸುತ್ತಣ ಗ್ರಾಮಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಕಾರ್ಖಾನೆಯಿಂದ ಹೊರಕ್ಕೆ ಬರುವ ನೀರನ್ನು ಜಮೀನಿಗೆ ತೆಗೆದುಕೊಳ್ಳಬಹುದೇ, ಕೂಡದೇ ಎಂಬುದೇ ಆ ಪ್ರಶ್ನೆ. ನೀರು ಯಾವುದಾದರೇನು, ಪೈರು ಹಸುರಾದರೆ ಸಾಕೆಂದು ಕೆಲವರು ಹೇಳುವರು. ಕಾರ್ಖಾನೆಯ ನೀರೆಲ್ಲವೂ ವಿಷವೆಂದು ತಿಳಿದು ಮತ್ತೆ ಕೆಲವರು ಅದನ್ನು ಮುಟ್ಟಲೊಲ್ಲರು. ಈ ಎರಡು ಅಭಿಪ್ರಾಯಗಳೂ ಪರೀಕ್ಷೆಯಿಲ್ಲದೆ ಹುಟ್ಟಿದವು. ಒಪ್ಪಿಗೆ ಕೊಡುವುದಾಗಲಿ ನಿರಾಕರಿಸುವುದಾಗಲಿ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿರುವುದರಿಂದ, ಈ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಏನಿರುತ್ತದೆ, ಅದನ್ನು ಹೇಗೆ ಶುದ್ಧಿ ಮಾಡುತ್ತಾರೆ, ಶುದ್ಧಿಯಾದ ಮೇಲೂ ಅದರಲ್ಲಿ ಏನು ಉಳಿಯುತ್ತದೆ ಎಂಬ ಸಂಗತಿಗಳನ್ನು ಅವರು ಚೆನ್ನಾಗಿ ತಿಳಿದಿರುವುದು ಅವಶ್ಯಕ.

೧. ಕಬ್ಬಿನೊಳಗಣ ನೀರು

ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ೭೦ ಪಾಲು ನೀರೇ ಆಗಿರುತ್ತದೆ. ದಿನಕ್ಕೆ ೨,೫೦೦ ಟನ್ ಕಬ್ಬನ್ನು ಅರೆಯುವ ಕಾರ್ಖಾನೆಯೊಂದಕ್ಕೆ ಕಬ್ಬಿನ ಗಾಡಿಗಳಲ್ಲಿಯೇ ೧,೭೫೦ ಟನ್, ಎಂದರೆ ೧೭ ಲಕ್ಷ ೫೦ ಸಾವಿರ ಲೀಟರು ನೀರು ಬಂದು ಸೇರುತ್ತದೆ. ಇದರಲ್ಲಿ ಒಂದು ಭಾಗ ಸಿಪ್ಪೆಯೊಡನೆಯೂ ಮಡ್ಡಿಯೊಡನೆಯೂ ಹೊರಟುಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನ ಪಾಲು, ರಸವನ್ನು ಕಾಯಿಸಿ ಗಟ್ಟಿ ಮಾಡುವಾಗ ಆವಿಯಾಗಿ, ತಣಿದು, ಮತ್ತೆ ನೀರಾಗುತ್ತದೆ. ಈ ಆವಿನೀರಿನಲ್ಲಿ ಉಪ್ಪು ಬಹಳ ಸ್ವಲ್ಪ. ಆದಕಾರಣ ಸಕ್ಕರೆಯ ಅಂಶ ಬೆರೆತಿಲ್ಲವೆಂದು ನೋಡಿಕೊಂಡು ಅದನ್ನು ಬಾಯ್ಲರುಗಳಿಗೆ ಹಾಕಬಹುದು. ಗಾಣದಲ್ಲಿ ಸಿಪ್ಪೆಯ ಮೇಲೆ ಸುರಿದು ಉಳಿದ ರಸವನ್ನು ತೆಗೆಯಬಹುದು. ತಣಿಸಿ ಯಂತ್ರಗಳನ್ನು ತಂಪಿಡುವ ನೀರಾಗಿಯೂ ಬಳಸಬಹುದು. ಹೀಗೆ ಜಾಣತನದಿಂದ ನಡೆಯುವ ಕಾರ್ಖಾನೆಗೆ ಅರೆಯುವ ಕಾಲದಲ್ಲಿ ನದಿಯ ಅಥವಾ ಕೊಳವೆಬಾವಿಯ ನೀರು ಬಹಳ ಕಡಿಮೆ ಸಾಕು. ಕೊಳೆನೀರನ್ನು ಶುದ್ಧಿ ಮಾಡುವುದಕ್ಕಿಂತ ಮೊದಲು ಕೊಳೆನೀರು ಹುಟ್ಟದಂತೆ ಮಾಡುವುದೇ ಈ ವಿಷಯದಲ್ಲಿ ಮೊದಲನೆಯ ಪಾಠ.

೨೦೧೬ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮದ ಪ್ರಕಾರ ಸಕ್ಕರೆ ಕಾರ್ಖಾನೆಯು ಒಂದು ಟನ್ ಕಬ್ಬಿಗೆ ಒಟ್ಟು ೨೦೦ ಲೀಟರಿಗಿಂತ ಹೆಚ್ಚು ನೀರನ್ನು ಹೊರಕ್ಕೆ ಬಿಡಕೂಡದು. ಇದರಲ್ಲಿ ಶುದ್ಧೀಕರಣದ ತೊಟ್ಟಿಗಳಿಂದ ಬರುವ ನೀರು ೧೦೦ ಲೀಟರನ್ನು ಮೀರತಕ್ಕದ್ದಲ್ಲ. ಮೇಲ್ಕಂಡ ೨,೫೦೦ ಟನ್ನಿನ ಕಾರ್ಖಾನೆಗೆ ಇದು ದಿನಕ್ಕೆ ೨ ಲಕ್ಷ ೫೦ ಸಾವಿರ ಲೀಟರಾಗುತ್ತದೆ. ಜಮೀನಿಗೆ ಕೊಡುತ್ತೇವೆಂದು ಕಾರ್ಖಾನೆಯವರು ಹೇಳುವ ನೀರು ಮುಖ್ಯವಾಗಿ ಇದೇ.

೨. ಕೊಳೆಯ ಸ್ವಭಾವ

ಗಾಣದ ಮನೆಯನ್ನು ತೊಳೆದ ನೀರಿನಲ್ಲಿ ಸಕ್ಕರೆ, ಎಣ್ಣೆ, ಸಿಪ್ಪೆಯ ಪುಡಿ ಇರುತ್ತವೆ. ರಸ ಕಾಯಿಸುವ ಪಾತ್ರೆಗಳನ್ನು ಉಜ್ಜುವುದಕ್ಕೆ ಕಾಸ್ಟಿಕ್ ಸೋಡಾ ಹಾಕುವುದರಿಂದ ಆ ನೀರಿನಲ್ಲಿ ಸೋಡಿಯಂ ಸೇರುತ್ತದೆ. ಸಕ್ಕರೆಯು ವಿಷವಲ್ಲ, ಆದರೂ ಸಕ್ಕರೆಯ ನೀರು ಹಳ್ಳಕ್ಕೆ ಬಿದ್ದರೆ ಮೀನುಗಳು ಸಾಯುತ್ತವೆ. ಇದಕ್ಕೆ ಕಾರಣವೇನೆಂದರೆ, ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ವೃದ್ಧಿಯಾಗುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲಾ ಉಪಯೋಗಿಸಿಬಿಡುತ್ತವೆ. ಹೀಗೆ ಕೊಳೆಯು ಬೇಡುವ ಆಮ್ಲಜನಕದ ಅಳತೆಯನ್ನು ಬಿ.ಓ.ಡಿ. ಎಂದು ಕರೆಯುತ್ತಾರೆ. ಒಳ್ಳೆಯ ಹಳ್ಳದ ನೀರಿನ ಒಂದು ಲೀಟರಿನಲ್ಲಿ ಸುಮಾರು ೮ ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಕಾರ್ಖಾನೆಯ ಕೊಳೆನೀರಿನ ಬಿ.ಓ.ಡಿ. ೧,೦೦೦ ಮಿಲಿಗ್ರಾಂ ಇದ್ದರೆ, ಅಂತಹ ಒಂದೇ ಲೀಟರು ೧೨೫ ಲೀಟರು ಹಳ್ಳದ ನೀರಿನ ಉಸಿರನ್ನು ತೆಗೆಯಬಲ್ಲದು. ಜಮೀನಿನಲ್ಲಿಯೂ ಹೀಗೆಯೇ. ಇಂತಹ ನೀರು ನಿಂತ ಮಣ್ಣಿನಲ್ಲಿ ಬೇರುಗಳಿಗೆ ಗಾಳಿ ದೊರೆಯದೆ ಪೈರು ಹಳದಿಯಾಗುತ್ತದೆ.

೩. ಶುದ್ಧಿ ಮಾಡುವ ಕ್ರಮ

ಕೊಳೆನೀರನ್ನು ಮೊದಲು ಜಾಲರಿಯ ಮೂಲಕ ಹಾಯಿಸಿ ಸಿಪ್ಪೆಯ ಪುಡಿಯನ್ನು ತಡೆದು, ಮೇಲೆ ತೇಲುವ ಎಣ್ಣೆಯನ್ನು ತೆಗೆಯುತ್ತಾರೆ. ಬಳಿಕ ದೊಡ್ಡ ತೊಟ್ಟಿಯೊಂದರಲ್ಲಿ ದಿನದ ನೀರನ್ನೆಲ್ಲಾ ಸಮವಾಗಿ ಬೆರಸಿ, ಹುಳಿ ಹೆಚ್ಚಾಗಿದ್ದರೆ ಸುಣ್ಣ ಹಾಕಿ ಸರಿಪಡಿಸುತ್ತಾರೆ. ಆಮೇಲೆ ಗಾಳಿಯನ್ನು ಊದುವ ತೊಟ್ಟಿಗೆ ಬಿಡುತ್ತಾರೆ. ಇಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಕೆಸರಿನಂತೆ ಗುಂಪುಗೂಡುತ್ತವೆ. ಮುಂದಿನ ತೊಟ್ಟಿಯಲ್ಲಿ ಆ ಕೆಸರು ತಳಕ್ಕೆ ಇಳಿದು, ತಿಳಿನೀರು ಮೇಲಿನಿಂದ ಹೊರಬರುತ್ತದೆ. ಇಳಿದ ಕೆಸರಿನಲ್ಲಿ ಒಂದು ಭಾಗವನ್ನು ಮತ್ತೆ ಗಾಳಿಯ ತೊಟ್ಟಿಗೆ, ಹಾಲಿಗೆ ಹೆಪ್ಪು ಹಾಕುವಂತೆ, ಹಾಕುತ್ತಾರೆ. ಈ ಕ್ರಮವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ೧೯೧೪ರಲ್ಲಿ ಪ್ರಕಟಪಡಿಸಿದರು. ಅವರ ಕೆಲಸಕ್ಕೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಅವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಧ್ಯಾಪಕರಾಗಿದ್ದರು.

ಗೊಬ್ಬರದ ಗುಂಡಿಯನ್ನು ಬಲ್ಲ ರೈತನಿಗೆ ಈ ಕ್ರಮ ಹೊಸದಲ್ಲ. ಬರಿಯ ಒಣ ಸೋಗೆಯನ್ನು ಗುಂಡಿಗೆ ತುಂಬಿದರೆ ಅದು ಬೇಗ ಕೊಳೆಯುವುದಿಲ್ಲ. ಸಗಣಿ ಗಂಜಲಗಳು ಬೇಕು. ಸಕ್ಕರೆಯ ನೀರಿನಲ್ಲಿಯೂ ಸಾರಜನಕ, ರಂಜಕಗಳು ಸಾಲವು. ಆದುದರಿಂದ ತೊಟ್ಟಿಗೆ ಯೂರಿಯಾ ಮತ್ತು ಡಿ.ಎ.ಪಿ. ಹಾಕುವರು, ಆರಂಭದಲ್ಲಿ ಸಗಣಿಯನ್ನು ಕದಡಿ ಬಿಡುವುದೂ ಉಂಟು. ಜೀವಿಗಳು ವೃದ್ಧಿಯಾಗುವುದಕ್ಕೆ ಕಾಲ ಬೇಕಾಗುವ ಕಾರಣ, ಕಬ್ಬು ಅರೆಯುವುದಕ್ಕೆ ಒಂದು ತಿಂಗಳು ಮೊದಲೇ ತೊಟ್ಟಿಗಳನ್ನು ಸಿದ್ಧಗೊಳಿಸಿ, ಅರೆಯುವುದು ಮುಗಿದ ಮೇಲೂ ಒಂದು ತಿಂಗಳು ನಡೆಸತಕ್ಕದ್ದೆಂದು ನಿಯಮವಿದೆ. ಅರೆಯುವ ಕೆಲಸ ಆರಂಭವಾದ ದಿನ ತೊಟ್ಟಿಗಳು ಖಾಲಿಯಿದ್ದರೆ, ಮೊದಲ ವಾರಗಳ ನೀರು ಶುದ್ಧಿಯಾಗದೆಯೇ ಹೊರಬರುವುದೆಂದು ಮುಖಂಡರು ತಿಳಿಯಬಹುದು.

ಶುದ್ಧಿಯಾದ ನೀರಿನ ಬಿ.ಓ.ಡಿ. ಲೀಟರಿಗೆ, ಜಮೀನಿಗೆ ಬಿಡುವುದಾದರೆ ೧೦೦ ಮಿಲಿಗ್ರಾಂ, ಹಳ್ಳ ಹೊಳೆಗಳಿಗಾದರೆ ೩೦ ಮಿಲಿಗ್ರಾಂ ಮೀರಕೂಡದು.

೪. ಹೋಗದೆ ಉಳಿಯುವ ಉಪ್ಪು

ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿನ್ನುವುವೇ ಹೊರತು ಉಪ್ಪನ್ನು ತಿನ್ನುವುದಿಲ್ಲ. ಈ ಒಂದು ಮಾತನ್ನು ಓದುಗರು ಚೆನ್ನಾಗಿ ನೆನಪಿನಲ್ಲಿಡಬೇಕು. ನೀರು ಕನ್ನಡಿಯಂತೆ ತಿಳಿಯಾಗಿದ್ದು, ವಾಸನೆಯಿಲ್ಲದಿದ್ದು, ಬಿ.ಓ.ಡಿ. ಮಿತಿಯೊಳಗೇ ಇದ್ದರೂ ಅದರಲ್ಲಿ ಉಪ್ಪು ಹೇರಳವಾಗಿರಬಹುದು. ತಂಪಿಡುವ ನೀರಿನ ವಿಷಯವೂ ಹೀಗೆಯೇ. ಅದು ಸುತ್ತಿ ಸುತ್ತಿ ಆವಿಯಾಗಿ ನಾಲ್ಕರಲ್ಲಿ ಒಂದು ಪಾಲಾದಾಗ, ಉಳಿದ ನೀರಿನಲ್ಲಿ ಉಪ್ಪು ನಾಲ್ಕು ಪಟ್ಟಾಗುತ್ತದೆ. ಕಬ್ಬಿಣ, ಕಾಗದ, ವಿದ್ಯುತ್ತು ಮೊದಲಾದ ಯಾವ ಕಾರ್ಖಾನೆಯಲ್ಲಾದರೂ ಇದೇ ಲೆಕ್ಕ.

ನಿಯಮದಲ್ಲಿ ಕರಗಿದ ಲವಣಗಳ ಮಿತಿ ಲೀಟರಿಗೆ ೨,೧೦೦ ಮಿಲಿಗ್ರಾಂ. ಎಕರೆಗೆ ದಿನಕ್ಕೆ ೧೪ ಸಾವಿರ ಲೀಟರಿನಂತೆ ೧೦೦ ದಿನ ಈ ಮಿತಿಯ ನೀರನ್ನು ಹಾಯಿಸಿದರೆ, ೧೪ ಲಕ್ಷ ಲೀಟರು ನೀರಿನೊಡನೆ ಸುಮಾರು ೩ ಟನ್ ಉಪ್ಪು ಒಂದು ಎಕರೆಗೆ ಬಂದು ಬೀಳುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲಿಯೇ ನಿಲ್ಲುತ್ತದೆ. ನಿಯಮಕ್ಕೆ ಒಳಪಟ್ಟ ನೀರಿನಿಂದಲೇ ಇಷ್ಟಾಗಬಹುದಾದರೆ, ನಿಯಮ ಮೀರಿದ ನೀರಿನ ಗತಿಯನ್ನು ಊಹಿಸಬಹುದು. ಬಸಿಗಾಲುವೆಯೂ ಒಳ್ಳೆಯ ಮಳೆಯೂ ಇರುವ ಕೆಂಪು ಭೂಮಿಯಲ್ಲಿ ಈ ಉಪ್ಪು ಬಹುಮಟ್ಟಿಗೆ ಕೆಳಕ್ಕೆ ತೊಳೆದುಹೋದೀತು. ಆದರೆ ಆಗ ಹತ್ತಿರದ ಬಾವಿಗಳನ್ನು ಗಮನಿಸಬೇಕು. ನೀರು ಇಂಗದ ಎರೆ ಭೂಮಿಯಲ್ಲಾದರೋ ಉಪ್ಪು ಮೇಲಕ್ಕೇ ಬಂದು ಜಮೀನು ಚೌಳಾಗುತ್ತದೆ.

೫. ಜಮೀನಿಗೆ ತಕ್ಕ ಪ್ರಮಾಣ

ಶುದ್ಧಿಯಾದ ನೀರನ್ನು ಹೆಕ್ಟೇರಿಗೆ ದಿನವೊಂದಕ್ಕೆ ಎಷ್ಟು ಬಿಡಬಹುದೆಂದು ನಿಯಮದಲ್ಲಿ ಈ ಕೆಳಗಿನಂತೆ ಕಾಣಿಸಿದೆ. ಒಂದು ಘನ ಮೀಟರೆಂದರೆ ೧,೦೦೦ ಲೀಟರು.

ಮರಳು ಭೂಮಿ: ೨೨೫ ರಿಂದ ೨೮೦ ಘನ ಮೀಟರು
ಮರಳು ಮಿಶ್ರ ಗೋಡು: ೧೭೦ ರಿಂದ ೨೨೫
ಗೋಡು ಭೂಮಿ: ೧೧೦ ರಿಂದ ೧೭೦
ಜೇಡಿ ಮಿಶ್ರ ಗೋಡು: ೫೫ ರಿಂದ ೧೧೦
ಜೇಡಿ ಭೂಮಿ: ೩೫ ರಿಂದ ೫೫

ಇದರ ಪ್ರಕಾರ ದಿನಕ್ಕೆ ೨೫೦ ಘನ ಮೀಟರು ನೀರಿಗೆ ಜೇಡಿ ಭೂಮಿಯಾದರೆ ಸುಮಾರು ೧೧ ರಿಂದ ೧೮ ಎಕರೆ ಬೇಕು. ಇವು ಮೇಲ್ಮಿತಿಗಳೆಂದು ತಿಳಿಯಬೇಕೇ ಹೊರತು, ಇಷ್ಟನ್ನು ಹಾಯಿಸಲೇಬೇಕೆಂದಲ್ಲ. ಪೈರಿಗೆ ಬೇಕಾದಷ್ಟನ್ನು ಮಾತ್ರ ಕೊಡುವುದು, ಜಮೀನು ಹೆಚ್ಚಾಗಿದ್ದರೆ ಹಂಚಿ ಕೊಡುವುದು ಉತ್ತಮ. ಮಳೆಗಾಲದಲ್ಲಿ ಅಥವಾ ಕೊಯ್ಲಿನ ಸಮಯದಲ್ಲಿ ನೀರು ಬೇಡವಾದಾಗ ಅದನ್ನು ಹೊಲಕ್ಕೆ ನುಗ್ಗಿಸದಂತೆ, ೧೫ ದಿನಗಳ ನೀರನ್ನು ಹಿಡಿಯುವ ತೊಟ್ಟಿ ಕಾರ್ಖಾನೆಯಲ್ಲಿ ಇರತಕ್ಕದ್ದು.

೬. ಮದ್ಯಸಾರದ ಭಟ್ಟಿಯ ನೀರು

ಕಾಕಂಬಿಯಿಂದ ಮದ್ಯಸಾರ ಇಳಿಸುವ ಕಡೆಗಳಲ್ಲಿ ಬರುವ ಕಂದು ಬಣ್ಣದ ನೀರು ಬೇರೆಯೇ ವಸ್ತು. ಇದಕ್ಕೆ ಸ್ಪೆಂಟ್ ವಾಶ್ ಎಂದು ಹೆಸರು. ಒಂದು ಲೀಟರು ಮದ್ಯಸಾರಕ್ಕೆ ಇದು ೮ ರಿಂದ ೧೫ ಲೀಟರು ಹುಟ್ಟುತ್ತದೆ. ಇದರ ಬಿ.ಓ.ಡಿ. ಲೀಟರಿಗೆ ೪೦,೦೦೦ ಮಿಲಿಗ್ರಾಂ ಅಥವಾ ಅದಕ್ಕಿಂತಲೂ ಹೆಚ್ಚು. ಇಂತಹ ಒಂದು ಲೀಟರು ಐದು ಸಾವಿರ ಲೀಟರು ಹಳ್ಳದ ನೀರನ್ನು ಕೆಡಿಸಲು ಸಾಕು. ಆದರೆ ಇದರಲ್ಲಿಯೇ ಪೊಟ್ಯಾಷ್ ಸಮೃದ್ಧಿಯಾಗಿದೆ. ಆದಕಾರಣವೇ ಇದನ್ನು ಗೊಬ್ಬರವೆಂದು ಹೇಳಿ ಹೊಲಗಳಿಗೆ ಕೊಡುವ ಆಸೆ ಹುಟ್ಟುವುದು.

ಹಸಿ ಸ್ಪೆಂಟ್ ವಾಶನ್ನು ನೆಲಕ್ಕಾಗಲಿ ಹಳ್ಳಕ್ಕಾಗಲಿ ಬಿಡಕೂಡದು. ಇದನ್ನು ಉಪಯೋಗಿಸುವ ಸರಿಯಾದ ಮಾರ್ಗಗಳು ಮೂರು. ಮುಚ್ಚಿದ ತೊಟ್ಟಿಗಳಲ್ಲಿ ಗಾಳಿಯಿಲ್ಲದೆ ಕೊಳೆಯಿಸಿ ಉರಿಯುವ ಅನಿಲವನ್ನು ಪಡೆಯುವುದು ಮೊದಲನೆಯದು. ನೀರು ಇಂಗದಂತೆ ಕಟ್ಟಿದ ಕಣದ ಮೇಲೆ ಸಕ್ಕರೆ ಕಾರ್ಖಾನೆಯ ಮಡ್ಡಿಯೊಡನೆ ಬೆರಸಿ, ತಿರುವಿ ಹಾಕಿ, ಕಾಂಪೋಸ್ಟ್ ಗೊಬ್ಬರ ಮಾಡುವುದು ಎರಡನೆಯದು. ಬತ್ತಿಸಿ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಸುಡುವುದು ಮೂರನೆಯದು. ಸುಟ್ಟ ಬೂದಿಯಿಂದ ತಯಾರಾಗುವ ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ ೧೪.೫ ಪಾಲು ಪೊಟ್ಯಾಷ್ ಇರಬೇಕೆಂದು ಗೊತ್ತುಮಾಡಿದ್ದು, ೨೦೨೧ರಲ್ಲಿ ಅದನ್ನು ಸಹಾಯಧನದ ಪಟ್ಟಿಗೂ ಸೇರಿಸಲಾಯಿತು. ಕೊಳೆನೀರಿನ ಸಾರವು ಮೂಟೆಯಲ್ಲಿ ರೈತನಿಗೆ ಬರಬೇಕೇ ವಿನಾ ರಾತ್ರಿಯ ವೇಳೆ ಹಳ್ಳದಲ್ಲಿ ಹರಿದು ಬರಕೂಡದು.

೭. ನೊಯ್ಯಲ್ ನದಿಯ ಉದಾಹರಣೆ

ಎಚ್ಚರಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ತಮಿಳುನಾಡಿನ ತಿರುಪ್ಪೂರಿನ ಕೆಳಗಿರುವ ಒರತ್ತುಪಾಳಯಂ ಜಲಾಶಯವನ್ನು ನೋಡಬಹುದು. ನೊಯ್ಯಲ್ ನದಿಗೆ ಅಡ್ಡಲಾಗಿ ಈ ಅಣೆಕಟ್ಟು ೧೯೯೨ರಲ್ಲಿ ನೀರಾವರಿಗೆಂದು ಸಿದ್ಧವಾಯಿತು. ಮೇಲಿನ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಉಪ್ಪನ್ನು ಬಹಳವಾಗಿ ಬಳಸುತ್ತಿದ್ದವು. ಆ ನೀರೆಲ್ಲವೂ ಜಲಾಶಯದಲ್ಲಿ ಬಂದು ನಿಂತಿತು. ಕೆಲವೇ ವರ್ಷಗಳಲ್ಲಿ, ಯಾವ ರೈತರಿಗಾಗಿ ಅಣೆಕಟ್ಟನ್ನು ಕಟ್ಟಿದ್ದರೋ ಅವರೇ ಆ ನೀರು ತಮಗೆ ಬೇಡವೆನ್ನುವಂತಾಯಿತು. ಅಚ್ಚುಕಟ್ಟಿನವರು ನ್ಯಾಯಸ್ಥಾನಕ್ಕೆ ಹೋದರು. ಕೊನೆಗೆ ೨೦೧೧ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಕಾರ್ಖಾನೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ಅನಂತರ ಅಲ್ಲಿ ನೀರನ್ನು ಬಹು ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಿ ಉಪ್ಪನ್ನು ಬೇರ್ಪಡಿಸಿ, ನೀರನ್ನೂ ಉಪ್ಪನ್ನೂ ಮತ್ತೆ ಬಣ್ಣದ ಕೆಲಸಕ್ಕೆ ಉಪಯೋಗಿಸುವ ಕ್ರಮವು ಬಳಕೆಗೆ ಬಂದಿತು. ಈ ಕ್ರಮಕ್ಕೆ ವೆಚ್ಚ ಅಧಿಕ. ಆದರೂ ಕೆಟ್ಟ ಭೂಮಿಯನ್ನು ಸರಿಪಡಿಸುವ ವೆಚ್ಚವು ಕೆಡಿಸದವನ ತಲೆಯ ಮೇಲೆ ಬೀಳುವುದಕ್ಕಿಂತ ಇದು ನ್ಯಾಯವಾದುದು.

೮. ಮುಖಂಡರೂ ಜಮೀನುದಾರರೂ ಮಾಡತಕ್ಕ ಕೆಲಸ

ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮೊದಲು ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಬೇಕು. ಶುಭ್ರವಾದ ಒಂದು ಲೀಟರಿನ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಕಂಠದವರೆಗೂ ತುಂಬಿ, ಬಿರಡೆ ಹಾಕಿ, ಸ್ಥಳವನ್ನೂ ತಾರೀಖನ್ನೂ ಬರೆದು ಕೂಡಲೇ ಕಳುಹಿಸತಕ್ಕದ್ದು. ಹರಿಯುವ ಕಾಲುವೆಯ ನಡುವಿನಿಂದ ತುಂಬಬೇಕು. ನಿಂತ ನೀರನ್ನು ತುಂಬಬಾರದು.

ಪರೀಕ್ಷೆಯ ಕಾಗದದಲ್ಲಿ ಮೂರು ಅಂಕಿಗಳನ್ನು ನೋಡಬೇಕು. ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆಯು ೦.೭೫ಕ್ಕಿಂತ ಕಡಿಮೆಯಿದ್ದರೆ ಉತ್ತಮ, ೨.೨೫ ಮೀರಿದರೆ ಸಾಮಾನ್ಯ ಜಮೀನಿಗೆ ಬೇಡ. ಸೋಡಿಯಂ ಪ್ರಮಾಣವನ್ನು ತೋರಿಸುವ ಎಸ್.ಎ.ಆರ್. ೧೦ಕ್ಕಿಂತ ಕಡಿಮೆಯಿರಬೇಕು. ಉಳಿಕೆ ಕಾರ್ಬೊನೇಟು ೧.೨೫ರೊಳಗೆ ಇದ್ದರೆ ಕ್ಷೇಮ, ೨.೫ ಮೀರಿದರೆ ಅಯೋಗ್ಯ.

ನೀರನ್ನು ತೆಗೆದುಕೊಂಡ ಮೇಲೆ ವರ್ಷಕ್ಕೊಮ್ಮೆ ಅದೇ ಹೊಲದ ಮಣ್ಣನ್ನು ಪರೀಕ್ಷಿಸಿ ಹಿಂದಿನ ಅಂಕಿಗಳೊಡನೆ ಹೋಲಿಸಿ ನೋಡಬೇಕು. ಮಣ್ಣಿನ ಮೇಲೆ ಬಿಳಿಯ ಹೆಪ್ಪಳಿಕೆ ಕಾಣುವುದು, ನೀರು ಇಂಗದೆ ನಿಲ್ಲುವುದು, ಎಲೆಯ ತುದಿ ಸುಟ್ಟಂತಾಗುವುದು ಇವು ಕೆಟ್ಟ ಲಕ್ಷಣಗಳು. ಆಗ ನೀರನ್ನು ನಿಲ್ಲಿಸಿ, ಬಸಿಗಾಲುವೆ ತೆಗೆದು, ಸೋಡಿಯಂ ಹೆಚ್ಚಿದ್ದರೆ ಪರೀಕ್ಷೆಗೆ ತಕ್ಕಷ್ಟು ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ತೊಳೆಯಬೇಕು. ಹುರುಳಿಕಾಯಿ, ಈರುಳ್ಳಿ, ಗಜ್ಜರಿಗಳು ಉಪ್ಪನ್ನು ಸಹಿಸವು. ಹತ್ತಿಯು ತಕ್ಕಮಟ್ಟಿಗೆ ಸಹಿಸುತ್ತದೆ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಈ ನೀರನ್ನು ಹಾಯಿಸಬಾರದು. ಕುಡಿಯುವ ನೀರಿನ ಬಾವಿಯ ಹತ್ತಿರದ ಹೊಲಗಳನ್ನು ಬಿಟ್ಟುಬಿಡಬೇಕು.

೧೯೭೪ರ ಜಲಮಾಲಿನ್ಯ ನಿವಾರಣೆಯ ಕಾಯಿದೆಯ ಪ್ರಕಾರ ಮಂಡಳಿಯ ಒಪ್ಪಿಗೆಯಿಲ್ಲದೆ ಯಾವ ಕಾರ್ಖಾನೆಯೂ ಕೊಳೆನೀರನ್ನು ಹೊರಕ್ಕೆ ಬಿಡುವಂತಿಲ್ಲ. ಆ ಒಪ್ಪಿಗೆಯ ಪತ್ರದಲ್ಲಿ ನೀರಿನ ಪ್ರಮಾಣವೂ ಷರತ್ತುಗಳೂ ಬರೆದಿರುತ್ತವೆ. ಅದರ ಪ್ರತಿಯನ್ನು ಗ್ರಾಮಪಂಚಾಯಿತಿಯಲ್ಲಿ ತರಿಸಿಟ್ಟುಕೊಂಡು, ನೀರಿನ ಪರೀಕ್ಷೆಯ ಕಾಗದಗಳನ್ನು ವರ್ಷವರ್ಷವೂ ಅದರೊಡನೆ ಪೋಣಿಸಿಡುವುದು ಒಳ್ಳೆಯದು. ಹಳ್ಳದ ನೀರು ಒಂದು ದಿನ ಕಪ್ಪಾಗಿ ಬಂದಾಗ ಬಾಯಿಮಾತಿನ ದೂರಿಗಿಂತ, ತಾರೀಖು ಸಹಿತವಾದ ಒಂದು ಸೀಸೆ ನೀರಿಗೆ ಹೆಚ್ಚು ಬೆಲೆಯುಂಟು. ಸರಿಯಾಗಿ ಶುದ್ಧಿಯಾದ ನೀರನ್ನು ಅಳತೆಯರಿತು ಉಪಯೋಗಿಸಿದರೆ ಬರಗಾಲದಲ್ಲಿ ಒಂದು ಪೈರು ಉಳಿಯುತ್ತದೆ. ಅಳತೆ ತಪ್ಪಿದರೆ ಆ ಪೈರಿನೊಡನೆ ಮಕ್ಕಳ ಕಾಲದ ಭೂಮಿಯೂ ಹೋಗುತ್ತದೆ.