ಎಣ್ಣೆ, ಕೊಬ್ಬು, ಮೇಣ: ಒಂದು ಹಳೆಯ ಪಾಠದ ಉಳಿದರ್ಧ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಿಣಿಯರೂ ತಾಯಂದಿರೂ ಆಗಿರುತ್ತಾರೆ. ಅವರು ತರಗತಿಯಲ್ಲಿದ್ದಾಗ ನಾವು ವನಸ್ಪತಿಯ ತಯಾರಿಕೆಯನ್ನು ರಸಾಯನಶಾಸ್ತ್ರದ ಒಂದು ಉಪಕಾರವೆಂದು ಮಾತ್ರವೇ ಬೋಧಿಸಿದೆವು. ಆ ಪಾಠವು ಅರ್ಧವಾಗಿತ್ತು. ಉಳಿದರ್ಧವು ಅವರ ಅಡಿಗೆಮನೆಗೇ ಸಂಬಂಧಪಟ್ಟುದಾದ ಕಾರಣ ಅದನ್ನು ಇಲ್ಲಿ ಬರೆಯಬೇಕಾಗಿದೆ.

ಎಣ್ಣೆ, ತುಪ್ಪ, ಕೊಬ್ಬು ಇವೆಲ್ಲವೂ ಒಂದೇ ಕುಲದವು. ಗ್ಲಿಸರೀನಿನ ಒಂದು ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಸೇರಿಕೊಂಡರೆ ಇವು ಉಂಟಾಗುವುವು. ಫ್ರಾನ್ಸು ದೇಶದ ಶೆವ್ರಲ್ ಎಂಬ ಪಂಡಿತನು 1823ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಆಮ್ಲಗಳನ್ನು ವಿವರಿಸಿದನು. ಕ್ಷಾರದೊಡನೆ ಕಾಯಿಸಿದರೆ ಆಮ್ಲಗಳು ಕ್ಷಾರವನ್ನು ಕೂಡಿ ಸಾಬೂನಾಗುವುವು, ಗ್ಲಿಸರೀನು ಬೇರೆಯಾಗುವುದು. ಜೇನುಮೇಣದಲ್ಲಿ ಗ್ಲಿಸರೀನಿನ ಸ್ಥಾನದಲ್ಲಿ ಉದ್ದವಾದ ಬೇರೊಂದು ಆಲ್ಕೊಹಾಲು ಇರುತ್ತದೆ. ಅಂಗಡಿಯ ಮೇಣದ ಬತ್ತಿಯಾದರೋ ಸಾಮಾನ್ಯವಾಗಿ ಸೀಮೆ ಎಣ್ಣೆಯ ಬಂಧು. ಹೆಸರು ಮಾತ್ರ ಮೇಣ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯು ಗಟ್ಟಿಯಾಗುತ್ತದೆ, ಎಳ್ಳೆಣ್ಣೆಯು ಏಕೆ ಆಗುವುದಿಲ್ಲ? ಈ ಪ್ರಶ್ನೆಯನ್ನು ಕೇಳದ ತರಗತಿಯನ್ನು ನಾವು ಕಂಡಿಲ್ಲ. ಕೊಬ್ಬಿನಾಮ್ಲವು ಇಂಗಾಲದ ಒಂದು ಸರಪಳಿ. ಇಂಗಾಲಗಳಿಗೆ ಜಲಜನಕವು ತುಂಬ ದೊರೆತಿದ್ದರೆ ಸರಪಳಿಯು ನೆಟ್ಟಗಿರುತ್ತದೆ. ದೊರೆಯದೆ ಜೋಡಿ ಬಂಧವು ಉಳಿದೆಡೆ ಅದು ಡೊಂಕಾಗುತ್ತದೆ. ನೆಟ್ಟನೆಯ ಸೌದೆಗಳನ್ನು ಬಿಗಿಯಾಗಿ ಹೊರೆಕಟ್ಟಬಹುದು, ಡೊಂಕು ಸೌದೆಗಳನ್ನು ಕಟ್ಟಲಾಗದು. ಕೊಬ್ಬರಿ ಎಣ್ಣೆಯಲ್ಲಿ ನೆಟ್ಟನೆಯವು ಹೆಚ್ಚು, ಎಳ್ಳೆಣ್ಣೆಯಲ್ಲಿ ಡೊಂಕಾದವು ಹೆಚ್ಚು.

1902ರಲ್ಲಿ ಜರ್ಮನಿಯ ನಾರ್ಮನ್ ಎಂಬಾತನು ನಿಕ್ಕಲ್ ಲೋಹದ ಸಹಾಯದಿಂದ ಎಣ್ಣೆಗೆ ಜಲಜನಕವನ್ನು ಕೂಡಿಸಿ ಗಟ್ಟಿಮಾಡುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ನಾವು ಕಲಿಸಿದುದು ಇಲ್ಲಿಗೆ ನಿಂತಿತ್ತು. ಆದರೆ ಈ ಕಾರ್ಯವನ್ನು ಅರ್ಧದಲ್ಲಿ ನಿಲ್ಲಿಸಿದಾಗ ಕೆಲವು ಸರಪಳಿಗಳು ಜಲಜನಕವನ್ನು ಪಡೆಯದೆಯೇ ತಿರುಚಿಕೊಂಡು ನೆಟ್ಟಗಾಗಿಬಿಡುತ್ತವೆ. ಇವೇ ಟ್ರಾನ್ಸ್ ಕೊಬ್ಬುಗಳು. ಇವು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸಿ ಒಳ್ಳೆಯದನ್ನು ತಗ್ಗಿಸುತ್ತವೆ, ಹೃದ್ರೋಗಕ್ಕೆ ಕಾರಣವಾಗುತ್ತವೆ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಇವು ನೂರಕ್ಕೆ 2ನ್ನು ಮೀರಕೂಡದೆಂದು ನಿಯಮವಾಗಿದೆ. ಆದುದರಿಂದ ಮಕ್ಕಳಿಗೆ ಬಿಸ್ಕತ್ತು, ಪಫ್‌ಗಳನ್ನು ಕೊಳ್ಳುವಾಗ ಪೊಟ್ಟಣದ ಸಣ್ಣಕ್ಷರಗಳನ್ನು ದಯಮಾಡಿ ಓದಿರಿ.

ಡೊಂಕು ಸರಪಳಿಗೂ ಒಂದು ದೋಷವುಂಟು. ಗಾಳಿಯ ಆಮ್ಲಜನಕವು ಅದರ ಜೋಡಿ ಬಂಧದ ಬಳಿಯಲ್ಲಿಯೇ ತಗಲುವುದರಿಂದ ಎಣ್ಣೆಗೆ ಕಮಟು ಹಿಡಿಯುತ್ತದೆ. ಬೆಳಕೂ ಕಾವೂ ಅದನ್ನು ತ್ವರೆಗೊಳಿಸುತ್ತವೆ. ಎಣ್ಣೆಯನ್ನು ಮುಚ್ಚಿ, ಒಲೆಯಿಂದ ದೂರ, ಕತ್ತಲೆಯಲ್ಲಿಡಬೇಕು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಮಿತವ್ಯಯವನ್ನು ಅಷ್ಟು ಕಟ್ಟುನಿಟ್ಟಾಗಿ ಕಲಿಸಿದ ನಾವೇ ಇದನ್ನು ಹೇಳುವುದಕ್ಕೆ ಕೆಲವರು ನಗಬಹುದು. ಕಪ್ಪಾಗಿ ನೊರೆಯೇಳುವ ಎಣ್ಣೆಯನ್ನು ಚೆಲ್ಲಲು ಮನಸ್ಸಾಗದಿದ್ದರೆ, ಸಾಬೂನು ಮಾಡುವವರಿಗೆ ಕೊಡಿರಿ.