ಕನ್ನಡ ಎಂ.ಎ. ಪದವಿ: ಗಡಿನಾಡಿನ ವಿದ್ಯಾರ್ಥಿಗೆ ಬೇಕಾದ ಸಿದ್ಧತೆ

ಕನ್ನಡ ಶಾಲೆಯಲ್ಲಿ ಅಕ್ಷರಾಭ್ಯಾಸ ಮಾಡಿದ ನಮ್ಮ ಮಕ್ಕಳಲ್ಲಿ ಕೆಲವರಾದರೂ ಆ ಭಾಷೆಯ ಉನ್ನತ ವ್ಯಾಸಂಗಕ್ಕೆ ಹೋಗಬೇಕೆಂಬುದು ಕೃಷ್ಣಾ, ಮಕ್ತಲ್, ನಾರಾಯಣಪೇಟೆ, ಗದ್ವಾಲ ಭಾಗದ ಹಿರಿಯರ ಆಶಯ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಭಜನೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣ ರಾಜ್ಯವೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಉದಯಿಸಿದವು. ಆಡಳಿತದ ಎಲ್ಲೆಗಳು ಹೀಗೆ ಬದಲಾದರೂ ಮನೆಮಾತು ಉಳಿದಿದೆ. ಅದು ಶಾಲೆಯಲ್ಲಿಯೂ ಉಳಿಯಬೇಕಾದರೆ ಕನ್ನಡವನ್ನು ಶಾಸ್ತ್ರೀಯವಾಗಿ ಕಲಿತವರು ಈ ನೆಲದಿಂದಲೇ ಬರಬೇಕು. ಆದುದರಿಂದ ಕನ್ನಡ ಎಂ.ಎ. ಪದವಿಗೆ ಏನೇನು ಅಗತ್ಯವೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರವೇಶದ ಅರ್ಹತೆ

ಎಂ.ಎ. ಸಾಮಾನ್ಯವಾಗಿ ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ವ್ಯಾಸಂಗ. ಇದಕ್ಕೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಇರಬೇಕು. ಪದವಿಯಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿದವರಿಗೆ ಮೊದಲ ಮನ್ನಣೆ ದೊರೆಯುವುದು ವಾಡಿಕೆ. ಕೆಲವೆಡೆ ಕನ್ನಡವನ್ನು ಭಾಷಾ ವಿಷಯವಾಗಿ ಓದಿದವರಿಗೂ ಅವಕಾಶವುಂಟು. ಅಂಕಗಳ ಮಿತಿ, ಪ್ರವೇಶ ಪರೀಕ್ಷೆ, ಹೊರರಾಜ್ಯದವರ ಶುಲ್ಕ ಇವು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯ, 1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ದೂರದವಲ್ಲ.

ನಮ್ಮ ವಿದ್ಯಾರ್ಥಿಗಳು ಎಡವುವುದು ಎಂ.ಎ.ಯ ಬಾಗಿಲಲ್ಲಲ್ಲ, ಅದಕ್ಕೂ ಐದು ವರ್ಷ ಮೊದಲು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಇಂಟರ್‌ಮೀಡಿಯೆಟ್‌ನಲ್ಲಿಯೂ ಪದವಿಯಲ್ಲಿಯೂ ಕನ್ನಡವೇ ಇಲ್ಲದ ಕಾಲೇಜನ್ನು ಸೇರಿದರೆ ಸರಪಳಿಯ ಕೊಂಡಿ ಕಳಚುತ್ತದೆ. ಮುಂದೆ ಆಸಕ್ತಿ ಇದ್ದರೂ ಅರ್ಹತೆ ಇರುವುದಿಲ್ಲ. ಆದಕಾರಣ ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನವೇ ಪಾಲಕರು ಈ ವಿಚಾರವನ್ನು ನಿರ್ಧರಿಸಬೇಕು. ಸೇರಲಿರುವ ಕಾಲೇಜಿನಲ್ಲಿ ಕನ್ನಡ ಉಂಟೇ ಎಂದು ಕೇಳುವುದು ಮೊದಲ ಹೆಜ್ಜೆ.

ವ್ಯಾಸಂಗದ ಸ್ವರೂಪ

ಯಾವುದೇ ಭಾಷೆಯ ಎಂ.ಎ. ಎಂದರೆ ಆ ಭಾಷೆಯನ್ನು ಚೆನ್ನಾಗಿ ಮಾತನಾಡುವುದಷ್ಟೇ ಅಲ್ಲ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಭಾಷೆಯ ಸ್ನಾತಕೋತ್ತರ ವ್ಯಾಸಂಗವಿದೆ. ಸ್ಪ್ಯಾನಿಷ್ ಸಾಹಿತ್ಯವನ್ನು ಗಂಭೀರವಾಗಿ ಓದುವವನು 1605 ಮತ್ತು 1615ರಲ್ಲಿ ಎರಡು ಭಾಗಗಳಾಗಿ ಪ್ರಕಟವಾದ ಸರ್ವಾಂಟೀಸನ ‘ಡಾನ್ ಕ್ವಿಕ್ಸೋಟ್’ ಕೃತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಾಗೆಯೇ ಕನ್ನಡ ವಿದ್ಯಾರ್ಥಿಗೆ ಹಳಗನ್ನಡ ಅನಿವಾರ್ಯ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಪಂಪನ ‘ವಿಕ್ರಮಾರ್ಜುನ ವಿಜಯ’, ‘ವಡ್ಡಾರಾಧನೆ’, ವಚನಗಳು, ಕುಮಾರವ್ಯಾಸ, ದಾಸಸಾಹಿತ್ಯ, ಆಧುನಿಕ ಸಾಹಿತ್ಯ ಇವು ಒಂದು ಕಡೆ. ಕೇಶಿರಾಜನ ‘ಶಬ್ದಮಣಿದರ್ಪಣ’, ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ, ಶಾಸನ, ಜಾನಪದ, ಗ್ರಂಥಸಂಪಾದನೆ ಇವು ಇನ್ನೊಂದು ಕಡೆ. ಹಲವೆಡೆ ಕೊನೆಯಲ್ಲಿ ಕಿರುಪ್ರಬಂಧವೊಂದನ್ನು ಬರೆಯಬೇಕಾಗುತ್ತದೆ.

ಗಡಿಯವರ ಬಂಡವಾಳ

ಇಷ್ಟನ್ನು ಕೇಳಿ ನಮ್ಮ ಮಕ್ಕಳು ಅಳುಕಬೇಕಾಗಿಲ್ಲ. ಕನ್ನಡನಾಡಿನ ಎಲ್ಲೆಯಾಗಿ ‘ಕವಿರಾಜಮಾರ್ಗ’ವು ಹೆಸರಿಸುವ ಕಾವೇರಿ ಮತ್ತು ಗೋದಾವರಿಗಳ ನಡುವೆಯೇ ನಮ್ಮ ಕೃಷ್ಣೆ ಹರಿಯುತ್ತಾಳೆ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡ ಇರುವುದು ತೆಲಂಗಾಣದಲ್ಲಿ. ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ ಕರೀಂನಗರ ಜಿಲ್ಲೆಯ ಕುರ್ಕ್ಯಾಲದಲ್ಲಿದೆ. ಅದರಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಒಂದೇ ಬಂಡೆಯ ಮೇಲೆ ಕುಳಿತಿವೆ. ದಾಸಪರಂಪರೆಯ ಗೋಪಾಲದಾಸರ ನೆಲೆಯಾದ ಉತ್ತನೂರು ಗದ್ವಾಲ ಸೀಮೆಯದು.

ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು 2018ರ ಕಾನೂನು ಕಡ್ಡಾಯಗೊಳಿಸಿತು. ಇದನ್ನು ಹೊರೆಯೆಂದು ಬಗೆಯುವವರುಂಟು. ಸಾಹಿತ್ಯದ ವಿದ್ಯಾರ್ಥಿಗೆ ಮಾತ್ರ ಅದು ಲಾಭವೇ ಸರಿ. ಭೀಮಕವಿಯು 1369ರಲ್ಲಿ ಕನ್ನಡ ‘ಬಸವಪುರಾಣ’ವನ್ನು ರಚಿಸಿದ್ದು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯ ಆಧಾರದಿಂದ. ಈ ಎರಡನ್ನೂ ಮೂಲದಲ್ಲಿ ಓದಿ ತೂಗಿ ನೋಡಬಲ್ಲವರು ಎಷ್ಟು ಜನ? ಮೈಸೂರು, ಧಾರವಾಡಗಳ ವಿದ್ಯಾರ್ಥಿ ಪ್ರಯತ್ನಪಟ್ಟು ಗಳಿಸಬೇಕಾದ ತೆಲುಗು ನಮ್ಮ ಮಗುವಿಗೆ ಸಂತೆಯಲ್ಲಿಯೇ ದೊರೆತಿರುತ್ತದೆ. ತೌಲನಿಕ ಅಧ್ಯಯನಕ್ಕೂ ಅನುವಾದಕ್ಕೂ ಇದಕ್ಕಿಂತ ಬೇರೆ ಬಂಡವಾಳ ಬೇಕಿಲ್ಲ.

ಪದವಿಯ ನಂತರ

ಕಾಲೇಜು ಅಧ್ಯಾಪಕರಾಗಬಯಸುವವರು ಎಂ.ಎ.ಯಲ್ಲಿ ಶೇಕಡಾ 55 ಅಂಕ ಗಳಿಸಿ ಯು.ಜಿ.ಸಿ.ಯ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಪರಿಶಿಷ್ಟರಿಗೂ ಇತರ ಮೀಸಲು ವರ್ಗದವರಿಗೂ ನೆಟ್‌ನಲ್ಲಿ ಶೇಕಡಾ 5ರ ರಿಯಾಯಿತಿ ಉಂಟು. ಶಾಲಾ ಶಿಕ್ಷಕರಾಗಲು ಎಂ.ಎ. ಒಂದೇ ಸಾಲದು, ಶಿಕ್ಷಕ ತರಬೇತಿಯೂ ಬೇಕು. ಒಂದರಿಂದ ಎಂಟನೆಯ ತರಗತಿಯವರೆಗಿನ ಬೋಧನೆಗೆ ಟಿ.ಇ.ಟಿ. ಪರೀಕ್ಷೆಯೂ ಅಗತ್ಯ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣ ದೊರಕಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ವಿಧಿಯೊಂದು ತಾನಾಗಿ ತರಗತಿಗೆ ಬಂದು ಪಾಠ ಹೇಳುವುದಿಲ್ಲ. ಪಾಠ ಹೇಳುವವರು ಬೇಕು. ಐವತ್ತು ವಸಂತಗಳನ್ನು ಕಂಡ ಶಾಲೆಯ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆರಿಸಿ, ಕನ್ನಡವಿರುವ ಕಾಲೇಜಿಗೆ ಸೇರಿಸಿ, ಎಂ.ಎ. ಮುಗಿಯುವವರೆಗೆ ಶುಲ್ಕಕ್ಕೂ ಪುಸ್ತಕಕ್ಕೂ ನೆರವಾದರೆ ಮುಂದಿನ ಐವತ್ತು ವರ್ಷಗಳಿಗೆ ಬೇಕಾದ ಗುರುಗಳು ಇಲ್ಲಿಯೇ ಸಿದ್ಧರಾದಾರು.